ಬೈಬಲ್ಲಿನ ಬಿಡಿ ವಚನ ಬಿಟ್ಟು ಇಡೀ ಪುಸ್ತಕ ಕಲಿಸುವುದು ಹೇಗೆ? ಹಳ್ಳಿ ಸಭೆಗಳಿಗಾಗಿ ಒಂದು ಚರ್ಚೆ

ಮದ್ದೂರು ಸಭಾಹಿರಿಯ

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆ. ನಮ್ಮ ಕಡೆ ಭಾನುವಾರಕ್ಕೊಂದು ವಚನ ಎತ್ತಿಕೊಂಡು ಮುಕ್ಕಾಲು ಗಂಟೆ ಮಾತಾಡುವ ರೂಢಿ. ಈ ವಾರ ಯೆರೆಮೀಯ, ಬರುವ ವಾರ ಕೀರ್ತನೆ, ಅದರಾಚೆ ಮಲಾಕಿಯ. ವರ್ಷಗಟ್ಟಲೆ ಸಭೆಗೆ ಬಂದವರಿಗೂ ಒಂದು ಪುಸ್ತಕದ ತಲೆ ಬುಡ ಗೊತ್ತಿರುವುದಿಲ್ಲ. ಇಡೀ ಪುಸ್ತಕ ಕಲಿಸೋಣ ಅಂತ ಹಿರಿಯರೆಲ್ಲ ಒಪ್ಪಿದ್ದಾರೆ. ಸಭೆಯಲ್ಲಿ ಹೆಚ್ಚಿನವರು ಕಬ್ಬು, ಭತ್ತದ ಕೆಲಸದವರು, ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು. ವಯಸ್ಸಾದವರಲ್ಲಿ ಅರ್ಧ ಜನಕ್ಕೆ ಓದು ಬಾರದು. ಯಾವ ಪುಸ್ತಕದಿಂದ ಶುರು ಮಾಡಬೇಕು, ಎಷ್ಟೆಷ್ಟು ಭಾಗ ಮಾಡಬೇಕು, ಎಲ್ಲಿ ಕೆಡುತ್ತದೆ? ತಿಳಿದವರು ಬಿಡಿಸಿ ಹೇಳಬೇಕು.

ಉಪದೇಶಿ, ಉದಯಗಿರಿ

ಅಣ್ಣ, ಒಳ್ಳೇ ನಿರ್ಧಾರ. ಮೊದಲ ಸಲಕ್ಕೆ ಪ್ರಕಟಣೆ, ದಾನಿಯೇಲ, ರೋಮಾಪುರದವರಿಗೆ ಬರೆದ ಪತ್ರ ಇವು ಮೂರೂ ಬೇಡ. ಅರ್ಧದಲ್ಲೇ ನಿಂತುಹೋಗುತ್ತವೆ, ಆಮೇಲೆ "ಪುಸ್ತಕವಾಗಿ ಕಲಿಸುವುದು ನಮ್ಮ ಕೈಲಾಗದು" ಅನ್ನುವ ಮಾತು ಸಭೆಯಲ್ಲಿ ಕೂತುಬಿಡುತ್ತದೆ. ಚಿಕ್ಕದರಿಂದ ಶುರು ಮಾಡಿ. ಫಿಲಿಪ್ಪಿಯವರಿಗೆ ಬರೆದ ಪತ್ರ 4 ಅಧ್ಯಾಯ, 104 ವಚನ. ಹನ್ನೊಂದು ಭಾನುವಾರ ಸಾಕು.

ಮೊದಲ ಭಾನುವಾರ ಪ್ರಸಂಗವೇ ಬೇಡ. ಚೆನ್ನಾಗಿ ಓದುವ ಇಬ್ಬರು ಸರದಿಯಂತೆ ಇಡೀ ಪತ್ರವನ್ನು ಗಟ್ಟಿಯಾಗಿ ಓದಲಿ. ಹದಿನೈದು, ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ. ಈ ಪತ್ರಗಳು ಸಭೆ ಕೂಡಿದಾಗ ಓದಿ ಕೇಳಿಸಲೆಂದೇ ಬರೆದವು. ಕೊಲೊಸ್ಸೆ 4:16ರಲ್ಲಿ (4ನೇ ಅಧ್ಯಾಯ, 16ನೇ ವಚನ) ಈ ಪತ್ರಗಳನ್ನು ಬರೆದ ಪೌಲ ಅದನ್ನೇ ಹೇಳುತ್ತಾನೆ. ಆಮೇಲೆ ಹತ್ತು ಭಾಗ ಹೀಗೆ: 1:1–11, 1:12–26, 1:27–30, 2:1–11, 2:12–18, 2:19–30, 3:1–11, 3:12–4:1, 4:2–9, 4:10–23. 4:1 ಅನ್ನು ಮೂರನೇ ಅಧ್ಯಾಯದ ಜೊತೆಗೇ ಇಟ್ಟುಕೊಳ್ಳಿ, "ಆದಕಾರಣ" ಅಂತ ಶುರುವಾಗುವ ಮಾತಿಗೆ ಕಾರಣ ಹಿಂದೆಯೇ ಇದೆ. ಈಗ ನಾವು ಬಳಸುವ ಅಧ್ಯಾಯದ ವಿಭಾಗ 13ನೇ ಶತಮಾನದ್ದು. ಹೊಸ ಒಡಂಬಡಿಕೆಯ ವಚನ ಸಂಖ್ಯೆಗಳನ್ನು ರಾಬರ್ಟ್ ಎಸ್ಟಿಯೆನ್ ಎಂಬ ಮುದ್ರಕ 1551ರಲ್ಲಿ ಹಾಕಿದ. ದಪ್ಪ ಅಕ್ಷರದ ಶಿರೋನಾಮೆಗಳು ಪ್ರಕಾಶಕರವು. ಹುಡುಕಲು ಇವೆಲ್ಲ ಬೇಕು. ಮಾತು ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತು ಅನ್ನುವುದನ್ನು ಮಾತ್ರ ಇವುಗಳಿಂದ ತೀರ್ಮಾನಿಸಬಾರದು.

ತಯಾರಿ ಶನಿವಾರ ರಾತ್ರಿಗೆ ಬಿಟ್ಟರೆ ಕೆಟ್ಟಿತು. ಸೋಮವಾರ, ಮಂಗಳವಾರ ವ್ಯಾಖ್ಯಾನ ಪುಸ್ತಕ ಮುಟ್ಟಬೇಡಿ, ಯೂಟ್ಯೂಬ್ ತೆರೆಯಬೇಡಿ. ಆ ಭಾಗವನ್ನೂ ಅದರ ಹಿಂದಿನ ಮುಂದಿನ ಭಾಗವನ್ನೂ ಮೂರು ಸಲ ಗಟ್ಟಿಯಾಗಿ ಓದಿ. ಬುಧವಾರ ಒಂದು ಹಾಳೆಯಲ್ಲಿ ಬರೆಯಿರಿ: ಯಾರು ಯಾರಿಗೆ ಹೇಳುತ್ತಿದ್ದಾರೆ, ಯಾವ ಮಾತು ಮತ್ತೆ ಮತ್ತೆ ಬರುತ್ತದೆ, "ಆದರೆ", "ಯಾಕಂದರೆ", "ಹೀಗಿರಲಾಗಿ" ಎಲ್ಲೆಲ್ಲಿವೆ, ಕೇಳುವವರು ಏನು ಮಾಡಬೇಕು ಅಂತಿದೆ. ಹಳೆಯ ಸತ್ಯವೇದದ (ಹಳೆಯ ಕನ್ನಡ ಬೈಬಲ್ ಅನುವಾದ) ಪಕ್ಕದಲ್ಲಿ ಸರಳ ಕನ್ನಡದ ಅನುವಾದ ಒಂದಿರಲಿ. ಎರಡೂ ಬೇರೆ ಬೇರೆ ಹೇಳುವಂತೆ ಕಂಡರೆ ಅಲ್ಲಿ ನಿಂತು ನೋಡಿ. ಗುರುವಾರ ಇಡೀ ಭಾಗದ ಸಾರ ಒಂದೇ ವಾಕ್ಯದಲ್ಲಿ ಬರಬೇಕು. ಬರದಿದ್ದರೆ ನಮಗೇ ಅರ್ಥವಾಗಿಲ್ಲ ಅಂತ. ವ್ಯಾಖ್ಯಾನ ನೋಡುವುದು ಅದಾದ ಮೇಲೆ. ಪ್ರಸಂಗ 25 ನಿಮಿಷ ದಾಟದಿರಲಿ. ವಾರವಿಡೀ ನಿಂತು ಕೆಲಸ ಮಾಡಿದವರು ಕೂತು ಕೇಳುವುದು.

ಎಡವುವ ಜಾಗಗಳನ್ನೂ ಹೇಳಿಬಿಡುತ್ತೇನೆ. 4:13, ನನ್ನನ್ನು ಬಲಪಡಿಸುವಾತನಲ್ಲಿ ಎಲ್ಲಕ್ಕೂ ಶಕ್ತನಾಗಿದ್ದೇನೆ ಎಂಬ ಮಾತನ್ನು ಪರೀಕ್ಷೆ, ಕೆಲಸ, ವೀಸಾಕ್ಕೆಲ್ಲ ಹಚ್ಚುತ್ತಾರೆ. ಹಿಂದಿನ ಎರಡು ವಚನ ಓದಿದರೆ ಪೌಲ ಹೇಳುತ್ತಿರುವುದು ಹಸಿವೆಯಲ್ಲೂ ಸಮೃದ್ಧಿಯಲ್ಲೂ ತೃಪ್ತನಾಗಿರಲು ಕಲಿತ ಬಗೆಯನ್ನು, ಅದೂ ಸೆರೆಯಲ್ಲಿದ್ದುಕೊಂಡು. ಹೊಸ ವರ್ಷದ ರಾತ್ರಿ ಹಂಚುವ ವಾಗ್ದಾನ ಕಾರ್ಡಿನಲ್ಲಿ ಯೆರೆಮೀಯ 29:11, ನಿಮಗೆ ಕೇಡಲ್ಲ ಹಿತವೇ, ನಿರೀಕ್ಷೆಯ ಭವಿಷ್ಯವೇ ನನ್ನ ಆಲೋಚನೆ ಎಂಬ ದೇವರ ಮಾತು, ತಪ್ಪದೇ ಇರುತ್ತದೆ. ಅದು ಬಾಬಿಲೋನಿಗೆ ಸೆರೆ ಹೋದವರಿಗೆ ಬರೆದ ಪತ್ರ. 10ನೇ ವಚನದಲ್ಲಿ ಎಪ್ಪತ್ತು ವರ್ಷದ ಲೆಕ್ಕವಿದೆ. 5ರಿಂದ 7ರಲ್ಲಿ ಅಲ್ಲೇ ಮನೆ ಕಟ್ಟಿರಿ, ತೋಟ ಮಾಡಿರಿ, ಆ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ ಅಂತಿದೆ. 8, 9ರಲ್ಲಿ ಬೇಗ ಬಿಡುಗಡೆ ಅನ್ನುವ ಪ್ರವಾದಿಗಳ ಮಾತಿಗೆ ಮರುಳಾಗಬೇಡಿ ಅಂತಿದೆ. ಕಾರ್ಡಿನಲ್ಲಿ ಇವ್ಯಾವುದಕ್ಕೂ ಜಾಗವಿಲ್ಲ. ಪಡೆದವರು ಜೂನ್ ಹೊತ್ತಿಗೆ "ದೇವರು ಮಾತು ತಪ್ಪಿದ" ಎಂದು ಕುಗ್ಗುತ್ತಾರೆ. ದೇವರು ಕೊಡದ ಮಾತನ್ನು ನಾವು ಕೊಟ್ಟು ಅವರ ನಂಬಿಕೆ ಮುರಿಯುತ್ತಿದ್ದೇವೆ. ನನಗೆ ಅತಿ ನೋವು ಕೊಡುವ ಸಂಗತಿ ಇದು.

ಜೀವಜಲ, ಪಾಂಡವಪುರ

ಬ್ರದರ್, ಗೌರವದಿಂದಲೇ ಕೇಳುತ್ತೇನೆ. ಹನ್ನೊಂದು ವಾರದ ಪಟ್ಟಿ ಮೊದಲೇ ಹಾಕಿದರೆ ಪವಿತ್ರಾತ್ಮನಿಗೆ ಎಲ್ಲಿ ಜಾಗ? ಊರಲ್ಲಿ ಸಾವಾಗಿರುತ್ತದೆ, ಮಳೆ ಕೈಕೊಟ್ಟಿರುತ್ತದೆ. ಆ ವಾರ ಜನಕ್ಕೆ ಬೇಕಾದದ್ದು 2:19–30 ಅಲ್ಲದಿರಬಹುದು. ನಮ್ಮ ಸಭೆಗಳಲ್ಲಿ ಸೇವಕರು ಉಪವಾಸ, ಪ್ರಾರ್ಥನೆ ಮಾಡಿ ಆ ವಾರದ ಮಾತು ಪಡೆಯುತ್ತಾರೆ. ಅದನ್ನು ಹಗುರ ಮಾಡಬಾರದು.

ಉಪದೇಶಿ, ಉದಯಗಿರಿ

ತಮ್ಮ, ಹಗುರ ಮಾಡುತ್ತಿಲ್ಲ. ಪ್ರಾರ್ಥನೆಯಿಲ್ಲದ ಪಟ್ಟಿ ಬರೀ ಟೈಮ್‌ಟೇಬಲ್. ಸಾವಾದ ವಾರ ಪಟ್ಟಿ ನಿಲ್ಲಿಸಿ ಲಾಜರನ ಸಾವಿನ ಸಂಗತಿಯಿರುವ ಯೋಹಾನ 11 ಓದಲಿ, ತಪ್ಪೇನಿಲ್ಲ. ಐದು ಭಾನುವಾರ ಬರುವ ತಿಂಗಳುಗಳು ವರ್ಷಕ್ಕೆ ನಾಲ್ಕೋ ಐದೋ ಇರುತ್ತವೆ. ಆ ಐದನೇ ಭಾನುವಾರಗಳನ್ನು ಖಾಲಿ ಬಿಟ್ಟುಕೊಂಡರೆ ಹಿಂದೆ ಬಿದ್ದದ್ದೂ ಸರಿಹೋಗುತ್ತದೆ. ಆದರೆ ಎಫೆಸದ ಹಿರಿಯರಿಗೆ ಪೌಲ ಹೇಳಿದ್ದು ನೋಡಿ, ಅಪೊಸ್ತಲರ ಕೃತ್ಯಗಳು 20:27. ದೇವರ ಸಂಕಲ್ಪವನ್ನೆಲ್ಲ ಮರೆಮಾಡದೆ ತಿಳಿಸಿದೆ ಅನ್ನುತ್ತಾನೆ. ವಾರವಾರ ಆರಿಸಿಕೊಂಡರೆ ನಮಗೆ ಹಿಡಿಸಿದ ಹತ್ತಿಪ್ಪತ್ತು ವಚನಗಳಲ್ಲೇ ಸುತ್ತುತ್ತೇವೆ. 1 ಕೊರಿಂಥ 14:29ರಲ್ಲಿ ಪ್ರವಾದಿಗಳು ಮಾತಾಡಲಿ, ಮಿಕ್ಕವರು ವಿವೇಚಿಸಲಿ ಅಂತಿದೆ. ಪುಸ್ತಕ ಗೊತ್ತಿಲ್ಲದ ಸಭೆ ಯಾವುದನ್ನು ಹಿಡಿದು ವಿವೇಚಿಸೀತು?

ಜೀವಜಲ, ಪಾಂಡವಪುರ

ಐದನೇ ಭಾನುವಾರದ ಮಾತು ಒಪ್ಪಿದೆ. ಪ್ರವಾದನೆಯನ್ನು ಸಭೆ ಪರೀಕ್ಷಿಸಬೇಕು ಅನ್ನುವುದನ್ನೂ ಒಪ್ಪುತ್ತೇನೆ. ಒಂದೇ ಮಾತು: ಪ್ರಸಂಗ ಮುಗಿದ ಮೇಲೆ ಪ್ರಾರ್ಥನೆಗೆ ಹದಿನೈದು ನಿಮಿಷವಾದರೂ ಉಳಿಸಿ. ಪಾಠ ಮುಗಿಸಿ ಎದ್ದುಹೋಗುವ ಹಾಗಾಗಬಾರದು.

ಧರ್ಮೋಪದೇಶದ ಅಕ್ಕ, ಬನ್ನಿಮಂಟಪ

ನಾನು ಕಥೋಲಿಕ ಸಭೆಯವಳು, ಅಲ್ಲಿನ ರೂಢಿ ಹೇಳುತ್ತೇನೆ. ಭಾನುವಾರದ ಬಲಿಪೂಜೆಗೆ ಮೂರು ವರ್ಷದ ವಾಚನ ಚಕ್ರವಿದೆ. ಎ ವರ್ಷ ಮತ್ತಾಯ, ಬಿ ವರ್ಷ ಮಾರ್ಕ, ಸಿ ವರ್ಷ ಲೂಕ. ಬಿ ವರ್ಷದಲ್ಲಿ ಯೋಹಾನ 6ಕ್ಕೇ ಸಾಲಾಗಿ ಐದು ಭಾನುವಾರ ಸಿಗುತ್ತದೆ. ಪಟ್ಟಿ ಗುರುಗಳ ಕೈಯಲ್ಲಿಲ್ಲ. ಅವರಿಗೆ ಇಷ್ಟವಿರಲಿ ಬಿಡಲಿ, ಆ ವಾರದ ಶುಭಸಂದೇಶ ಅದೇ. ಕೊರತೆಯೂ ಇದೆ. ಮೊದಲ ವಾಚನ ಹಳೆಯ ಒಡಂಬಡಿಕೆಯಿಂದ ತುಂಡು ತುಂಡಾಗಿ ಬರುವುದರಿಂದ ಅದರ ಹಿಂದುಮುಂದು ಯಾರಿಗೂ ತಿಳಿಯದು. ಓದುವವರು ಎರಡು ವಾಕ್ಯದಲ್ಲಿ ಸಂದರ್ಭ ಹೇಳಿ ಶುರು ಮಾಡಿದರೆ ಕೇಳುವ ಕಿವಿಯೇ ಬೇರೆಯಾಗುತ್ತದೆ.

ಓದು ಬಾರದವರ ವಿಷಯಕ್ಕೆ ಬರುತ್ತೇನೆ. ಅವರಿಗೆ ನೆನಪಿನ ಶಕ್ತಿ ಜಾಸ್ತಿ, ಅದನ್ನೇ ಬಳಸಿ. ವಾರದ ನಡುವೆ ಒಂದು ಸಂಜೆ ಎಂಟು ಹತ್ತು ಜನ ಕೂರಲಿ. ಭಾಗವನ್ನು ಎರಡು ಸಲ ನಿಧಾನವಾಗಿ ಓದಿ. ಮೂರನೇ ಸಲ ಪುಸ್ತಕ ಮುಚ್ಚಿ ಒಬ್ಬರು ತಮ್ಮ ಮಾತಲ್ಲಿ ಹೇಳಲಿ. ಬಿಟ್ಟುಹೋದದ್ದನ್ನು, ಇಲ್ಲದ್ದನ್ನು ಸೇರಿಸಿದ್ದನ್ನು ಉಳಿದವರು ಎತ್ತಿ ತೋರಿಸಲಿ. ಆಮೇಲೆ ನಾಲ್ಕೇ ಪ್ರಶ್ನೆ: ದೇವರ ಬಗ್ಗೆ ಏನು ತಿಳಿಯಿತು? ಜನರ ಬಗ್ಗೆ? ಏನು ಅರ್ಥವಾಗಲಿಲ್ಲ? ಈ ವಾರ ಏನು ಮಾಡೋಣ? ಕೂಟ ನಡೆಸುವವರು ಉತ್ತರ ಹೇಳಲು ಆತುರಪಟ್ಟರೆ ಎರಡನೇ ವಾರದಿಂದ ಎಲ್ಲರೂ ಬಾಯಿ ಮುಚ್ಚಿ ಕೂರುತ್ತಾರೆ. ಒಂದು ನಿಮಿಷ ಮೌನವಾದರೂ ಕಾಯಬೇಕು. ಮೊಬೈಲಿನಲ್ಲಿ ಕನ್ನಡ ಆಡಿಯೊ ಬೈಬಲ್ ಉಚಿತವಾಗಿ ಸಿಗುತ್ತದೆ. ಡೌನ್‌ಲೋಡ್ ಮಾಡಿಕೊಟ್ಟರೆ ಗಾರ್ಮೆಂಟ್ಸ್ ಬಸ್ಸಿನಲ್ಲೂ ಕೇಳಬಹುದು. ಹತ್ತು ನಿಮಿಷದೊಳಗಿನ ಭಾಗ ಹೇಳಿ, ಇಡೀ ಅಧ್ಯಾಯಗಳ ಮೂಟೆ ಹೊರಿಸಬೇಡಿ.

ಉಪದೇಶಿ, ಉದಯಗಿರಿ

ಅಕ್ಕ ಹೇಳಿದ "ಪಟ್ಟಿ ಗುರುಗಳ ಕೈಯಲ್ಲಿಲ್ಲ" ಅನ್ನುವುದು ದೊಡ್ಡ ಮಾತು. ಮದ್ದೂರಿನ ಅಣ್ಣ, ಇದನ್ನು ಹಿರಿಯರಿಗೆ ಮೊದಲೇ ತಿಳಿಸಿ. ಪುಸ್ತಕ ಪೂರ್ತಿ ಓದಲು ಹೊರಟ ಸಭೆ ಬೇಗ ಅಥವಾ ತಡವಾಗಿ ತನ್ನ ನಾಯಕರನ್ನೂ ಆ ಪುಸ್ತಕದ ಮುಂದೆ ನಿಲ್ಲಿಸುತ್ತದೆ. ಬೋಧನೆ ಬೇರೆ, ಆಡಳಿತ ಬೇರೆ ಅಂತ ನಾವು ಎರಡು ಕಮಿಟಿ ಮಾಡಿಕೊಂಡಿದ್ದೇವೆ. ವಾಸ್ತವದಲ್ಲಿ ಅದು ಒಂದೇ ವಿಷಯ.

ಬಡ ವಿಧವೆಯ ಎರಡು ಕಾಸನ್ನು ತೆಗೆದುಕೊಳ್ಳಿ, ಮಾರ್ಕ 12:41–44. ಕಾಣಿಕೆಗೆ ಮುಂಚೆ ಇದನ್ನು ಓದಿ, ಇದ್ದದ್ದನ್ನೆಲ್ಲ ಕೊಟ್ಟಳು, ನೀವೂ ಕೊಡಿ ಅನ್ನುತ್ತೇವೆ. ಅದಕ್ಕೆ ಅಂಟಿಕೊಂಡೇ 38ರಿಂದ 40ರವರೆಗೆ ಏನಿದೆ? ನಿಲುವಂಗಿ ತೊಟ್ಟು ಓಡಾಡುತ್ತ, ಸಭಾಮಂದಿರದಲ್ಲಿ ಮುಖ್ಯ ಪೀಠ ಬಯಸುತ್ತ, ಉದ್ದುದ್ದ ಪ್ರಾರ್ಥನೆ ಮಾಡುತ್ತ ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳ (ಯೆಹೂದಿ ಧರ್ಮಶಾಸ್ತ್ರದ ಬೋಧಕರು) ಬಗ್ಗೆ ಯೇಸು ಎಚ್ಚರಿಸುತ್ತಾನೆ. ಮರುಕ್ಷಣವೇ ಒಬ್ಬ ವಿಧವೆ ಬಂದು ತನ್ನ ಜೀವನವನ್ನೆಲ್ಲ ಹಾಕುತ್ತಾಳೆ. ಮುಂದೆ 13:1–2ರಲ್ಲಿ ದೇವಾಲಯದ ಕಲ್ಲಿನ ಮೇಲೆ ಕಲ್ಲು ಉಳಿಯದು ಅನ್ನುತ್ತಾನೆ. ಲೂಕನಲ್ಲೂ ಇದೇ ಕ್ರಮ. ಆದರೆ 20ನೇ ಅಧ್ಯಾಯ ಶಾಸ್ತ್ರಿಗಳ ಮಾತಿಗೇ ಮುಗಿದು, 21 ವಿಧವೆಯಿಂದ ಶುರುವಾಗುವುದರಿಂದ ಸಂಬಂಧ ಕಣ್ಣಿಗೆ ಬೀಳುವುದಿಲ್ಲ. ಅವಳ ಭಕ್ತಿಯನ್ನು ಯೇಸು ಎತ್ತಿಹಿಡಿದದ್ದು ನಿಜ. ಅವಳು ಅಷ್ಟು ಬಡವಳಾಗಿ ಉಳಿದದ್ದಕ್ಕೆ ಯಾರು ಹೊಣೆ ಅನ್ನುವುದನ್ನೂ ಅದೇ ಉಸಿರಿನಲ್ಲಿ ಹೇಳಿದ್ದಾನೆ. ಸಂಘದ ಸಾಲ ತೆಗೆದು ಕಾಣಿಕೆ ಹಾಕುವ ತಾಯಂದಿರಿರುವ ಊರಲ್ಲಿ 38–40 ಬಿಟ್ಟು 41–44 ಮಾತ್ರ ಓದುವುದು ಅನ್ಯಾಯ.

ಮಲಾಕಿಯ 3:10ರ ದಶಮಾಂಶವೂ, ಅಂದರೆ ಹತ್ತರಲ್ಲೊಂದು ಪಾಲು ಕೊಡಿ ಅನ್ನುವುದೂ, ಹಾಗೆಯೇ. ಅದೇ ಪುಸ್ತಕದ 1:6ರಿಂದ 2:9ರವರೆಗೆ ಬೈಗುಳವೆಲ್ಲ ಯಾಜಕರಿಗೆ. 3:5ರಲ್ಲಿ ಕೂಲಿಯವರ ಕೂಲಿ ಹಿಡಿದವರಿಗೆ, ವಿಧವೆ, ಅನಾಥರನ್ನು ಬಾಧಿಸಿದವರಿಗೆ ನ್ಯಾಯತೀರ್ಪು ಇದೆ. ಧರ್ಮೋಪದೇಶಕಾಂಡ 14:28–29ರ ಪ್ರಕಾರ ಮೂರನೇ ವರ್ಷದ ದಶಮಾಂಶ ದೇವರ ಸೇವೆಯ ಕುಲದವರಾದ ಲೇವಿಯರ ಜೊತೆಗೆ ಪರದೇಶಿ, ಅನಾಥ, ವಿಧವೆಯರ ಊಟಕ್ಕೆ. ಕಬ್ಬಿನ ಹಣ ಯಾವಾಗ ಕೈಗೆ ಬರುತ್ತದೋ ತಿಳಿಯದ ರೈತನಿಂದ ತಿಂಗಳಿಗಿಷ್ಟು ಅಂತ ಬರೆಸಿಕೊಳ್ಳುವುದಕ್ಕೆ ಹೊಸ ಒಡಂಬಡಿಕೆಯಲ್ಲಿ ಆಧಾರವಿಲ್ಲ. 2 ಕೊರಿಂಥ 8:12 ಇರುವುದರ ಪ್ರಕಾರ ಕೊಟ್ಟದ್ದು ಮೆಚ್ಚಿಕೆ ಅನ್ನುತ್ತದೆ, 9:7 ಬಲವಂತ ಬೇಡ ಅನ್ನುತ್ತದೆ.

ಲೆಕ್ಕಿಗ, ಕೆ.ಆರ್. ಪೇಟೆ

ಹಣದ ಮಾತು ಬಂತು, ಕೆಲಸಕ್ಕೆ ಬರುವಷ್ಟು ಹೇಳುತ್ತೇನೆ. ಕಾಣಿಕೆ ಎಣಿಸುವವರು ಇಬ್ಬರು ಇರಬೇಕು, ಒಂದೇ ಮನೆಯವರಾಗಿರಬಾರದು, ಪಾಸ್ಟರ್ ಅವರಲ್ಲೊಬ್ಬರಾಗಿರಬಾರದು. ಆರಾಧನೆ ಮುಗಿದ ಕೂಡಲೇ, ಅಲ್ಲೇ ಎಣಿಸಬೇಕು. 500ರ ನೋಟು ಎಷ್ಟು, 100ರದ್ದು ಎಷ್ಟು, ಚಿಲ್ಲರೆ ಎಷ್ಟು ಅಂತ ಪುಟ ಸಂಖ್ಯೆ ಅಚ್ಚಾದ ಪುಸ್ತಕದಲ್ಲಿ ಬರೆದು ಇಬ್ಬರೂ ಸಹಿ ಹಾಕಬೇಕು. ಸೋಮವಾರ ಪೂರ್ತಿ ಮೊತ್ತ ಬ್ಯಾಂಕಿಗೆ ಹೋಗಬೇಕು.

ಹೆಚ್ಚು ಕಡೆ ಕೆಡುವುದು ಈ "ಪೂರ್ತಿ" ಅನ್ನುವಲ್ಲಿ. ಶಾಮಿಯಾನದವನಿಗೆ, ಕೀಬೋರ್ಡ್ ರಿಪೇರಿಗೆ ತಟ್ಟೆಯಿಂದಲೇ ತೆಗೆದು ಕೊಟ್ಟು ಉಳಿದದ್ದನ್ನು ಕಟ್ಟುತ್ತಾರೆ. ಆಗ ಎಷ್ಟು ಬಂತು, ಎಷ್ಟು ಹೋಯಿತು ಎರಡೂ ಸಿಗುವುದಿಲ್ಲ. ಪ್ರಾಮಾಣಿಕರ ಮೇಲೂ ಅನುಮಾನ ಹುಟ್ಟುತ್ತದೆ. ಖರ್ಚೆಲ್ಲ ಬ್ಯಾಂಕಿನಿಂದ ತೆಗೆದು ವೋಚರ್ ಮೇಲೆ ಆಗಲಿ. ಕ್ಯೂಆರ್ ಕೋಡ್ ಪಾಸ್ಟರ ಸ್ವಂತ ನಂಬರಿಗೆ ಇದ್ದರೆ ಇಂದೇ ತೆಗೆಸಿ ಸಭೆಯ ಖಾತೆಗೆ ಮಾಡಿಸಿ. ಮೂರು ತಿಂಗಳಿಗೊಮ್ಮೆ ಜಮಾಖರ್ಚು ಓದಿ ಹೇಳಿ. ಓದು ಬಾರದವರೂ ಕೊಟ್ಟಿದ್ದಾರಲ್ಲವೇ, ನೋಟಿಸ್ ಬೋರ್ಡಿಗೆ ಅಂಟಿಸಿದರೆ ಸಾಲದು. ಇದು ಲೋಕದ ರೀತಿ ಅನ್ನುವವರಿಗೆ 2 ಕೊರಿಂಥ 8:18–21 ತೋರಿಸಿ. ಯೆರೂಸಲೇಮಿನ ಬಡವರಿಗೆ ಕೂಡಿಸಿದ ಹಣವನ್ನು ಪೌಲ ಒಬ್ಬನೇ ಒಯ್ಯಲಿಲ್ಲ. ಸಭೆಗಳು ಆರಿಸಿದವರನ್ನು ಜೊತೆಗಿಟ್ಟುಕೊಂಡು, ಕರ್ತನ ಮುಂದೆ ಮಾತ್ರವಲ್ಲ ಮನುಷ್ಯರ ಮುಂದೆಯೂ ಸರಿಯಾದದ್ದನ್ನು ಯೋಚಿಸುತ್ತೇವೆ ಅಂದ.

ಜಾಗದ ವಿಚಾರ ಇನ್ನೂ ಮುಖ್ಯ. ಜನರ ಕಾಣಿಕೆಯಲ್ಲಿ ಎರಡು ಗುಂಟೆ ತೆಗೆದು ಪಾಸ್ಟರ ಹೆಸರಿಗೇ ನೋಂದಣಿ ಮಾಡಿಸುವುದು ಸಾಮಾನ್ಯ. ಅವರು ವಿಲ್ ಬರೆಯದೆ ತೀರಿಕೊಂಡರೆ, 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ ಮೂರನೇ ಒಂದು ಪಾಲು ಹೆಂಡತಿಗೆ, ಮಿಕ್ಕದ್ದು ಮಕ್ಕಳಿಗೆ. ಮಕ್ಕಳಲ್ಲಿ ಒಬ್ಬರು ಪಾಲು ಕೇಳಿದರೂ ಸಭೆ ಬೀದಿಗೆ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರಡಿ ಏಳು ಜನ ಸೇರಿ ಸೊಸೈಟಿ ಮಾಡಬಹುದು, ಇಲ್ಲವೇ ಟ್ರಸ್ಟ್ ಡೀಡ್ ನೋಂದಾಯಿಸಬಹುದು. ಸೊಸೈಟಿ ಮಾಡಿದರೆ ವರ್ಷವರ್ಷ ಸಾಮಾನ್ಯ ಸಭೆ, ಆಡಿಟ್ ಆದ ಲೆಕ್ಕ, ಕಮಿಟಿ ಪಟ್ಟಿ ಸಲ್ಲಿಸುವುದು ತಪ್ಪಬಾರದು. ಏಳು ಜನರೂ ಒಂದೇ ಮನೆಯವರಾದರೆ ಮಾಡಿದ್ದೂ ಒಂದೇ, ಬಿಟ್ಟದ್ದೂ ಒಂದೇ. ಕೃಷಿ ಜಮೀನಾದರೆ ಕಟ್ಟಡಕ್ಕೆ ಮೊದಲು ಭೂ ಪರಿವರ್ತನೆ ಆಗಿರಬೇಕು.

ಧರ್ಮೋಪದೇಶದ ಅಕ್ಕ, ಬನ್ನಿಮಂಟಪ

ಇದಕ್ಕೊಂದು ಸೇರಿಸುತ್ತೇನೆ. ಕಥೋಲಿಕ ಸಭೆಯ 1983ರ ಕಾನೂನು ಸಂಹಿತೆಯ 537ನೇ ನಿಯಮದಂತೆ ಪ್ರತಿ ಧರ್ಮಕೇಂದ್ರದಲ್ಲೂ ಹಣಕಾಸು ಸಮಿತಿ ಇರಲೇಬೇಕು. ಭಕ್ತರು ಕೊಟ್ಟದ್ದಕ್ಕೆ ಭಕ್ತರಿಗೆ ಲೆಕ್ಕ ಕೊಡಬೇಕು ಅಂತ 1287ನೇ ನಿಯಮ. ಇದು ಗೊತ್ತಿರುವ ಭಕ್ತರು ಕಡಿಮೆ. ಕೇಳಿದರೆ ಅಗೌರವವಾದೀತು ಅಂತ ಸುಮ್ಮನಿರುತ್ತಾರೆ. ಗುರುಗಳನ್ನು ಗೌರವದಿಂದಲೇ ಕೇಳಿ, ಕೇಳುವುದು ನಿಮ್ಮ ಹಕ್ಕು.

ದಾದಿ, ಮಂಡ್ಯ

ನಮ್ಮ ಕೆಲಸಕ್ಕೆ ನೇರ ತಟ್ಟುವ ಬೋಧನೆಯೊಂದಿದೆ. "ಸ್ವಸ್ಥತೆ ಸಿಕ್ಕಿತು, ಮಾತ್ರೆ ಬಿಡಿ, ತೆಗೆದುಕೊಂಡರೆ ಅಪನಂಬಿಕೆ" ಅಂತ ಹೇಳುವುದು. ಕ್ಷಯಕ್ಕೆ ಸಾಮಾನ್ಯವಾಗಿ ಆರು ತಿಂಗಳ ಔಷಧಿ. ಎರಡು ತಿಂಗಳಿಗೇ ಕೆಮ್ಮು, ಜ್ವರ ಇಳಿದು ಮೈ ತುಂಬುತ್ತದೆ. ಅದೇ ಹೊತ್ತಿಗೆ ಗುಣವಾಯಿತು ಅಂತ ಸಭೆಯೆದುರು ಸಾಕ್ಷಿ ಹೇಳಿಸುತ್ತಾರೆ, ಮಾತ್ರೆ ನಿಲ್ಲುತ್ತದೆ. ಉಳಿದ ರೋಗಾಣು ಔಷಧಿಗೆ ಬಗ್ಗದ ಹಾಗೆ ಬೆಳೆದು ಮನೆಯವರಿಗೂ ಹರಡಬಹುದು. ಫಿಟ್ಸ್ ಮಾತ್ರೆ ದಿಢೀರ್ ನಿಲ್ಲಿಸಿದರೆ ಒಂದರ ಹಿಂದೊಂದು ಫಿಟ್ಸ್ ಬಂದು ಪ್ರಾಣಕ್ಕೇ ಅಪಾಯ. ಟೈಪ್ 1 ಸಕ್ಕರೆ ಕಾಯಿಲೆಯ ಮಗುವಿಗೆ ಇನ್ಸುಲಿನ್ ತಪ್ಪಿಸಿದರೆ ಒಂದೆರಡು ದಿನದಲ್ಲೇ ಸ್ಥಿತಿ ಗಂಭೀರವಾಗುತ್ತದೆ.

ಪ್ರಾರ್ಥನೆ ಬೇಡ ಅನ್ನುತ್ತಿಲ್ಲ. ಯಾಕೋಬ 5:14ರಂತೆ ಹಿರಿಯರು ಬಂದು ಎಣ್ಣೆ ಹಚ್ಚಿ ಪ್ರಾರ್ಥಿಸಲಿ, ರೋಗಿಗೆ ಅದರಿಂದ ಎಷ್ಟು ಧೈರ್ಯ ಬರುತ್ತದೆ ಅನ್ನುವುದು ವಾರ್ಡಿನಲ್ಲಿ ಕಾಣುತ್ತದೆ. ಆದರೆ ಪೌಲನ ಜೊತೆಗಿದ್ದ ಲೂಕ ವೈದ್ಯ (ಕೊಲೊಸ್ಸೆ 4:14). ಜೊತೆಗಾರ ತ್ರೊಫಿಮನನ್ನು ಪೌಲ ಮಿಲೇತದಲ್ಲಿ ಕಾಯಿಲೆಯಲ್ಲೇ ಬಿಟ್ಟು ಬಂದ (2 ತಿಮೊಥೆ 4:20). ತಿಮೊಥೆಯನ ಹೊಟ್ಟೆನೋವಿಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಅಂದ. ನೀವು ಹಾಕಿದ ಫಿಲಿಪ್ಪಿ ಪಟ್ಟಿಯ 2:25–27ರಲ್ಲೇ ಎಪಫ್ರೊದೀತ ಸಾಯುವ ಹಾಗಿದ್ದ ಸಂಗತಿ ಇದೆ. ಇವರಲ್ಲಿ ಯಾರಿಗೂ ಪೌಲ "ನಿನಗೆ ನಂಬಿಕೆ ಸಾಲದು" ಅನ್ನಲಿಲ್ಲ. ಹಿರಿಯರು ಪ್ರಾರ್ಥಿಸಿ ಏಳುವಾಗ "ಮಾತ್ರೆ ತಪ್ಪಿಸಬೇಡಿ, ನಿಲ್ಲಿಸುವುದನ್ನು ಡಾಕ್ಟರು ಹೇಳಲಿ" ಅಂದುಬಿಡಲಿ. ಆ ಮಾತಿಗೆ ನಮ್ಮ ಹತ್ತು ಮಾತಿನ ತೂಕ. ಕೂಟದ ಪೋಸ್ಟರಿನಲ್ಲಿ ಕ್ಯಾನ್ಸರ್, ಸಕ್ಕರೆ ಕಾಯಿಲೆ ಗುಣವಾಗುತ್ತದೆ ಅಂತ ಅಚ್ಚು ಹಾಕಿಸುವವರು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ ಇದೆ ಅನ್ನುವುದನ್ನೂ ತಿಳಿದಿರಲಿ.

ಮದ್ದೂರು ಸಭಾಹಿರಿಯ

ಬರೆದಿಟ್ಟುಕೊಳ್ಳುತ್ತಿದ್ದೇನೆ. ಇನ್ನೆರಡು ಪ್ರಶ್ನೆ. ಹೊಸ ಹಿರಿಯರನ್ನು ಆರಿಸುವಾಗ ದುಡ್ಡಿರುವವರು, ಪಾಸ್ಟರ ಮಗ ಇಂಥವರ ಹೆಸರೇ ಮುಂದೆ ಬರುತ್ತದೆ. ಏನು ನೋಡಬೇಕು? ನಾಯಕರ ಮೇಲೆ ದೂರು ಬಂದರೆ "ಅಭಿಷಿಕ್ತರನ್ನು (ದೇವರು ಆರಿಸಿದವರನ್ನು) ಮುಟ್ಟಬೇಡಿ" ಅಂತ ಬಾಯಿ ಮುಚ್ಚಿಸುತ್ತಾರಲ್ಲ, ಅದಕ್ಕೇನು ಹೇಳುವುದು?

ಉಪದೇಶಿ, ಉದಯಗಿರಿ

1 ತಿಮೊಥೆ 3:1–7, ತೀತ 1:5–9 ಎರಡನ್ನೂ ಸಭೆಯಲ್ಲಿ ಓದಿ, ಹೆಸರು ಕೇಳುವ ಮೊದಲೇ ಓದಿ. ಮೊದಲನೆಯ ಪಟ್ಟಿಯಲ್ಲಿ ಸಾಮರ್ಥ್ಯ ಅನ್ನುವಂಥದ್ದು ಬೋಧಿಸಬಲ್ಲವನಾಗಿರಬೇಕು ಅನ್ನುವುದು ಮತ್ತು ಮನೆ ನಡೆಸಲು ಬರಬೇಕು ಅನ್ನುವುದು. ಮಿಕ್ಕದ್ದೆಲ್ಲ ನಡತೆ: ಕುಡಿತ, ಜಗಳ, ದುಡ್ಡಿನಾಸೆ ಇರಬಾರದು, ಹೊಸದಾಗಿ ಬಂದವನಾಗಿರಬಾರದು, ಹೊರಗಿನವರ ಹತ್ತಿರ ಒಳ್ಳೇ ಹೆಸರಿರಬೇಕು. ಹೊರಗಿನವರು ಅಂದರೆ ನಮ್ಮಲ್ಲಿ ಡೈರಿಯವರು, ಅಂಗಡಿಯವರು, ಸಾಲ ಕೊಟ್ಟವರು. ಅವರನ್ನು ವಿಚಾರಿಸಿ. ಮಗನಿಗೆ ಯೋಗ್ಯತೆ ಇದ್ದರೆ ಇರಲಿ, ಆದರೆ 1 ಸಮುವೇಲ 8:1–3 ಮರೆಯಬಾರದು. ಸಮುವೇಲನಂಥ ಪ್ರವಾದಿ ನೇಮಿಸಿದ ಮಕ್ಕಳೇ ಲಂಚ ತಿಂದರು. ಅಪೊಸ್ತಲರ ಕೃತ್ಯ 14:23ರಲ್ಲಿ ಪ್ರತಿ ಸಭೆಗೂ ಹಿರಿಯರನ್ನು ನೇಮಿಸಿದರು ಅಂತ ಬಹುವಚನವಿದೆ. ಒಬ್ಬರೇ ಎಲ್ಲವೂ ಆಗಬಾರದು.

"ಅಭಿಷಿಕ್ತರನ್ನು ಮುಟ್ಟಬೇಡಿ" ಕೀರ್ತನೆ 105:15. ಪರದೇಶಗಳಲ್ಲಿ ಅಲೆಯುತ್ತಿದ್ದ ಅಬ್ರಹಾಮ, ಇಸಾಕ, ಯಾಕೋಬರಿಗೆ ಕೇಡು ಮಾಡದಂತೆ ದೇವರು ಅರಸರನ್ನು ತಡೆದ ಮಾತು. ಅದರಲ್ಲಿ ಪ್ರಶ್ನೆ ಕೇಳಬಾರದು ಅಂತ ಎಲ್ಲಿದೆ? ಗಲಾತ್ಯ 2:11–14ರಲ್ಲಿ ಪೌಲ ಪೇತ್ರನನ್ನು ಎಲ್ಲರೆದುರು ಖಂಡಿಸುತ್ತಾನೆ. 1 ತಿಮೊಥೆ 5:19–20 ಎರಡೂ ಬದಿ ಕಾಯುತ್ತದೆ. ಇಬ್ಬರು ಮೂವರು ಸಾಕ್ಷಿಗಳಿಲ್ಲದೆ ಹಿರಿಯನ ಮೇಲೆ ದೂರು ತೆಗೆದುಕೊಳ್ಳಬೇಡ, ಪಾಪ ಮುಂದುವರಿಸಿದರೆ ಎಲ್ಲರ ಮುಂದೆ ಗದರಿಸು. ದೂರು ಬರಹದಲ್ಲಿರಲಿ, ಕೇಳುವವರಲ್ಲಿ ಒಬ್ಬರಾದರೂ ಹೊರಗಿನ ಸಭೆಯವರಿರಲಿ, ದೂರು ಕೊಟ್ಟವರಿಗೆ ಉತ್ತರ ಯಾವ ದಿನದೊಳಗೆ ಅಂತ ಮೊದಲೇ ಗೊತ್ತುಮಾಡಿ.

ದಾದಿ, ಮಂಡ್ಯ

ಒಂದು ವಿಷಯ ಈ ಕ್ರಮದಿಂದ ಪೂರ್ತಿ ಹೊರಗೆ. ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ ಮತ್ತಾಯ 18ರಂತೆ ಒಬ್ಬೊಬ್ಬರಾಗಿ ಮಾತಾಡಿಸಿ ರಾಜಿ ಮಾಡುವುದು ಸಲ್ಲದು, ಎರಡು ಸಾಕ್ಷಿಗೆ ಕಾಯುವುದೂ ಸಲ್ಲದು. 2012ರ ಪೋಕ್ಸೋ ಕಾಯ್ದೆಯ 19ನೇ ಕಲಮಿನಂತೆ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ 21ನೇ ಕಲಮಿನಡಿ ಶಿಕ್ಷೆ. ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಬಹುದು. ಸಂಡೇ ಸ್ಕೂಲಿನಲ್ಲಿ ಒಂದು ತರಗತಿಗೆ ಇಬ್ಬರು ದೊಡ್ಡವರಿರಲಿ, ಬಾಗಿಲು ತೆರೆದಿರಲಿ.

ಜೀವಜಲ, ಪಾಂಡವಪುರ

ಆಮೆನ್. ಇದನ್ನು ಪ್ರತಿ ಸಭೆಯಲ್ಲೂ ಹೇಳಬೇಕು. ಅಣ್ಣ, ಫಿಲಿಪ್ಪಿ ಮುಗಿದ ಮೇಲೆ ಯಾವುದು? ಒಬ್ಬ ಪಾಸ್ಟರಿಗೆ ಮೂರು ನಾಲ್ಕು ಊರಿದ್ದರೆ ಹೇಗೆ?

ಉಪದೇಶಿ, ಉದಯಗಿರಿ

ರೂತಳು. 4 ಅಧ್ಯಾಯ, 85 ವಚನ, ನಾಲ್ಕು ಭಾನುವಾರ. ಬರ, ವಲಸೆ, ಅತ್ತೆ ಸೊಸೆ, ಕೊಯ್ಲಾದ ಹೊಲದಲ್ಲಿ ತೆನೆ ಆಯುವುದು, ಜಮೀನು ಬಿಡಿಸಿಕೊಳ್ಳುವುದು. ಮಂಡ್ಯದ ಜನಕ್ಕೆ ಹಿನ್ನೆಲೆ ವಿವರಿಸುವ ಶ್ರಮವೇ ಇಲ್ಲ. ಅದಾದ ಮೇಲೆ ಮಾರ್ಕ, 16 ಅಧ್ಯಾಯ. ಅದಕ್ಕೆ ಒಂಬತ್ತು ಹತ್ತು ತಿಂಗಳು ಇಟ್ಟುಕೊಳ್ಳಿ. ಯೇಸುವಿನ ಶ್ರಮೆ, ಮರಣದ ಅಧ್ಯಾಯಗಳು ಈಸ್ಟರ್ ಹತ್ತಿರಕ್ಕೆ ಬರುವಂತೆ ಹಿಂದಿನಿಂದ ಲೆಕ್ಕ ಹಾಕಿ ಶುರು ಮಾಡಿ.

ಹಲವು ಊರಿನ ಪ್ರಶ್ನೆಗೆ ಹಳೆಯ ವೆಸ್ಲಿಯನ್ ರೂಢಿ ಚೆನ್ನ. 1947ರಲ್ಲಿ ಹಲವು ಪ್ರೊಟೆಸ್ಟಂಟ್ ಸಭೆಗಳು ಕೂಡಿ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಆದಾಗ ಮೈಸೂರು ಸೀಮೆಯ ವೆಸ್ಲಿಯನ್ ಸಭೆಗಳೂ ಅದರಲ್ಲಿ ಸೇರಿದವು. ಅವರದು ಮೂರು ತಿಂಗಳಿಗೊಮ್ಮೆ ಯಾವ ಊರಿಗೆ ಯಾರು ಪ್ರಸಂಗಿ ಅಂತ ಪಟ್ಟಿ ಹಾಕುವ ಕ್ರಮ. ಆ ಪಟ್ಟಿಗೆ ವಾಕ್ಯಭಾಗದ ಕಾಲಂ ಒಂದು ಸೇರಿಸಿ, ಎಲ್ಲ ಊರಲ್ಲೂ ಆ ವಾರ ಒಂದೇ ಭಾಗ ಬರಲಿ. ತಿಂಗಳಿಗೊಂದು ಶನಿವಾರ ಪಾಸ್ಟರೂ ಉಪದೇಶಿಗಳೂ ಕೂತು ಮುಂದಿನ ನಾಲ್ಕು ಭಾಗ ಒಟ್ಟಿಗೆ ಓದಲಿ. ಪ್ರತಿಯೊಬ್ಬರೂ ತಮ್ಮ ಒಂದು ವಾಕ್ಯದ ಸಾರ ಹೇಳಲಿ, ಉಳಿದವರು "ಇದು ಯಾವ ವಚನದಲ್ಲಿದೆ?" ಅಂತ ಕೇಳಲಿ. ಪಾಸ್ಟರೂ ಸಾರ ಹೇಳಬೇಕು, ಅವರನ್ನೂ ಅದೇ ಪ್ರಶ್ನೆ ಕೇಳಬೇಕು. ಕಬ್ಬು ಕಟಾವಿನ ತಿಂಗಳಲ್ಲಿ ಶನಿವಾರ ಆಗದಿದ್ದರೆ ಭಾನುವಾರ ಆರಾಧನೆಯ ಮೇಲೆ ಒಂದು ಗಂಟೆ ಕೂರಿ.